ಐವತ್ತು ಮಾರ್ಕಿನ ಕಸಬರಿಗೆ

“ಲೇ ಸಾತ್ಯಾ, ಕಸಬರಿಗಿ ಹಿಡಿಯೂದನ್ನ ನಿಮ್ಮವ್ವನ ಹೊಟ್ಟ್ಯಾಗ ಕಲ್ತು ಬಂದೀದಿ. ಇಲ್ಲಿ ಹೊಸದೇನ ಕಲ್ತಿ, ಬೋಳಿಮಗನ? ಸೊನ್ನಿ!”

ಪರೀಕ್ಷಕ ಸಾಹೇಬರು ನನ್ನ ಹೆಸರಿನ ಮುಂದೆ ಸೊನ್ನೆ ಸುತ್ತಿದರು. ನಾನು ಗುಡಿಸಿದ ಅಂಗಳದಲ್ಲಿ ಅನ್ನ ಸುರುವಿಕೊಂಡು ಉಣ್ಣಬಹುದಿತ್ತು. ಅದೇ ತಪ್ಪಾಯಿತು.

ಅರವತ್ತೆರಡನೆಯ ಇಸವಿ, ಹಳಿಯಾಳದ ಕಡೆಯ ಒಂದು ಮಾಸ್ತರಿಕೆ ತರಬೇತಿ ಶಾಲೆ. ಪಠ್ಯಕ್ರಮದಲ್ಲಿ ಸಫಾಯಿಯೂ ಒಂದು ವಿಷಯ, ಐವತ್ತು ಮಾರ್ಕು. ಅದರಲ್ಲಿ ನಪಾಸಾದರೆ ಎಲ್ಲದರಲ್ಲೂ ನಪಾಸು. ಸರ್ಟಿಫಿಕೇಟೂ ಇಲ್ಲ, ಮಾಸ್ತರಿಕೆಯೂ ಇಲ್ಲ. ಒಬ್ಬೊಬ್ಬರಿಗೆ ಅಂಗಳದ ಒಂದೊಂದು ತುಂಡು ಹಂಚಿದ್ದರು. ನನ್ನ ವರ್ಗದ, ಮೇಲಿನ ಓಣಿಯ ಕರಿಬಸಪ್ಪ ಮೊದಲಾದವರ ಪಾಲನ್ನೆಲ್ಲ ನಸುಕಿನಲ್ಲೇ ಗುಡಿಸಿಟ್ಟವಳು ನಮ್ಮವ್ವ ಮಾಲವ್ವ, ಆ ಶಾಲೆಯ ಕಸ, ಪಾಯಖಾನೆ ಬಳಿಯುವ ಜಾಡಮಾಲಿ. ಅವರು ಇಸ್ತ್ರಿ ಧೋತರ ಉಟ್ಟು ಬಂದು ಕಸಬರಿಗೆ ಹಿಡಿದು ನಿಂತರು, ಅಷ್ಟೇ. ಕರಿಬಸಪ್ಪನಿಗೆ ನಲವತ್ತೈದು. ಹಾಗೆ ನೋಡಿದರೆ ಇಡೀ ವರ್ಗಕ್ಕೆ ಮೊದಲ ನಂಬರು ಬಂದವಳು ನಮ್ಮವ್ವ.

ಮುಂದಿನದು ಬಾಯಿಪರೀಕ್ಷೆ. “ಪಠ್ಯಕ್ರಮದಾಗ ಏನೇನ ಇರಬೇಕು, ಹೇಳು,” ಎಂದರು ಸಾಹೇಬರು.

ನನಗೆ ನನ್ನ ಕನ್ನಡ ಶಾಲೆ ನೆನಪಾಯಿತು. ಉಳಿದ ಹುಡುಗರು ಒಳಗೆ ಮಗ್ಗಿ ಒದರುವಾಗ ಮಾಸ್ತರು ನನ್ನನ್ನು ಹೊರಗೆ ಅಂಗಳ ಗುಡಿಸಲು ಹಚ್ಚುತ್ತಿದ್ದರು. ಕಿಟಕಿಯಿಂದ ಹೊರಗೆ ಬಿದ್ದಷ್ಟು ಮಗ್ಗಿ ನನ್ನದು. ಇಂದಿಗೂ ಹದಿಮೂರರ ಮಗ್ಗಿ ಅನ್ನಬೇಕಾದರೆ ನನ್ನ ಬಲಗೈ ತಾನೇ ಗುಡಿಸುತ್ತದೆ.

“ಯಾರಿಗೆ ಏನ ಬರೂದಿಲ್ಲೋ ಅವರಿಗೆ ಅದನ್ನ ಕಲಸಬೇಕ್ರಿ,” ಎಂದೆ. “ನಮ್ಮ ಓಣಿ ಹುಡುಗರಿಗೆ ಮಗ್ಗಿ. ನಿಮ್ಮ ಓಣಿ ಹುಡುಗರಿಗೆ ಪಾಯಖಾನಿ ಬಳಿಯೂದು.”

“ಹಲ್ಲ ಉದರಸ್ತೇನಿ ಮಗನ!” ಎಂದು ಎದ್ದವರು ಹಾಗೇ ಹೊಟ್ಟೆ ಹಿಡಿದುಕೊಂಡರು. ಕರಿಬಸಪ್ಪನ ಮನೆಯಿಂದ ಬಂದ ಶಿರಾ ಮುಂಜಾನೆ ಮೂರು ತಾಟು ಇಳಿದಿತ್ತು. ಪಾಯಖಾನೆಗೆ ಓಡಿದರು. ಅಷ್ಟೇ ಜೋರಾಗಿ ಮೂಗು ಮುಚ್ಚಿಕೊಂಡು ತಿರುಗಿ ಬಂದರು. ಒಳಗಿನ ಮಲದ ಬಕೀಟು ತುಂಬಿ ನೆಲಕ್ಕೆಲ್ಲ ಚೆಲ್ಲಿತ್ತು.

“ಏ ಮಾಲವ್ವಾ, ಬಕೀಟ ತಗೀ, ಲಗೂ!”

ಕಂಬಕ್ಕೆ ಆತು ಕುಳಿತಿದ್ದ ಅವ್ವ ಏಳಲಿಲ್ಲ. “ಸಫಾಯಿ ಪರೀಕ್ಷಾ ನಡದೈತಲ್ರೀ ಸಾಹೇಬ್ರ. ನಸಕಿನ್ಯಾಗ ಇವರದೆಲ್ಲಾ ಮಾಡಿದ್ದ ಸಾಕು. ಇನ್ನ ನಾ ಕೈ ಹಚ್ಚಿದ್ರ ಕಾಪಿ ಆಗ್ತೈತಿ.”

ಸಾಹೇಬರು ನಲವತ್ತೈದು ಮಾರ್ಕಿನವನ ಕಡೆ ನೋಡಿದರು. “ನಂದು ಅಂಗಳ ಅಷ್ಟರೀ,” ಎಂದು ಕರಿಬಸಪ್ಪ ಹಿಂದೆ ಸರಿದ.

ಸಾಹೇಬರ ಹಣೆಯ ಮೇಲೆ ಬೆವರು. ಪೆನ್ನು ತೆಗೆದು ನನ್ನ ಸೊನ್ನೆಯ ಎಡಕ್ಕೆ ಒಂದು ನಾಲ್ಕು ಗೀಚಿದರು. “ನಲವತ್ತು! ಪಾಸಾದಿ! ನಿಮ್ಮವ್ವಗ ಹೇಳೋ, ನಮ್ಮಪ್ಪಾ!”

ಬೋಳಿಮಗ ಈಗ ಅಪ್ಪನಾಗಿದ್ದೆ.

ಸುಳ್ಳೇಕೆ ಹೇಳಲಿ, ಆ ನಲವತ್ತನ್ನು ನೋಡಿ ಆಸೆಯಾಯಿತು. ಅವ್ವ ನನ್ನ ಮುಖ ನೋಡಿದಳು. ಏನು ಕಂಡಳೋ, ಸೀರೆ ಎತ್ತಿ ಕಟ್ಟಿ, ಕಸಬರಿಗೆ ಹಿಡಿದು ಎದ್ದಳು. ನನಗೆ ಅಲ್ಲೇ ಸತ್ತುಹೋಗಬೇಕು ಅನ್ನಿಸಿತು. ಅವಳ ಕೈಯಿಂದ ಕಸಬರಿಗೆ ಕಿತ್ತುಕೊಂಡು ಸಾಹೇಬರ ಮುಂದೆ ಹಿಡಿದೆ.

“ಇದು ನಿಮಗ ಬರೂದಿಲ್ಲಲ್ರೀ. ಹೊಸದಾಗಿ ಕಲೀತೀರಿ. ಐವತ್ತಕ್ಕ ಐವತ್ತು.”

“ತಿರುಗಿ ಸೊನ್ನಿ ಮಾಡ್ತೇನಿ ಲೇ, ಹಾಳಾಗಿ ಹೋಕ್ಕಿ!”

“ಮಾಡ್ರಿ.”

ಮಾಡಲು ಅವರಿಗೆ ಪುರಸೊತ್ತಿರಲಿಲ್ಲ. ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯ ಎರಡೇ ಬೆರಳಿನಲ್ಲಿ ಕಸಬರಿಗೆ ಹಿಡಿದರು. ಇದೂ ಒಂದು ಮಾದರಿ ಪಾಠವೆಂದು ಕರಿಬಸಪ್ಪ ನೋಟ್‌ಬುಕ್ಕು ತೆರೆದ.

“ಹಂಗಲ್ರೀ,” ಎಂದೆ. “ಎರಡೂ ಕೈಲೆ ಹಿಡೀರಿ. ಸೊಂಟ ಬಗ್ಗಸ್ರಿ.”