ಉಗುರಿನ ಬಿಳಿ

ಇಪ್ಪತ್ತನಾಲ್ಕು ಹೆಸರುಗಳು ಹಲಗೆಗೆ ಅಂಟಿಕೊಂಡಿವೆ, ಒಂದು ಜಾಗ ಖಾಲಿ, ಹಲ್ಲು ಬಿದ್ದ ಸಂದಿಗೆ ನಾಲಿಗೆ ಮತ್ತೆ ಮತ್ತೆ ಹೋಗುವಂತೆ ಹಿನೊಕುಮಾನ ಕಣ್ಣು ಅಲ್ಲಿಗೇ ಹೋಗುತ್ತದೆ, ಬೇಡವೆಂದರೂ ಹೋಗುತ್ತದೆ, ಮೇಜಿನ ಮೇಲೆ ಎರಡು ಅಯಸ್ಕಾಂತದ ಪಟ್ಟಿಗಳು ಪಕ್ಕಪಕ್ಕದಲ್ಲಿ ಬಿದ್ದಿವೆ, ಒಂದರಲ್ಲಿ ಒಜೆಕಿ ಎಂಬ ಹೆಸರು ಎಷ್ಟೋ ಬೇಸಿಗೆಗಳ ಬಿಸಿಲಿಗೆ ಕಂದಿ ಚಹಾದ ಬಣ್ಣಕ್ಕೆ ತಿರುಗಿದೆ, ಇನ್ನೊಂದರಲ್ಲಿ ಮಿಕುರಿಯಾ ಎಂಬುದು ಈ ಬೆಳಿಗ್ಗೆಯಷ್ಟೇ ಬರೆದದ್ದು, ಮುಟ್ಟಿದರೆ ಬೆರಳಿಗೆ ಹತ್ತೀತು — ಇಬ್ಬರೂ ಬೇಸ್‌ಬಾಲಿನ ಕ್ಯಾಚರುಗಳು, ಪಿಚರ್ ಎಸೆದ ಚೆಂಡನ್ನು ಕುಕ್ಕರಗಾಲಲ್ಲಿ ಕೂತು ಹಿಡಿಯುವವರು, ಒಬ್ಬ ನಮ್ಮವನು, ಒಬ್ಬ ನಮ್ಮೆದುರು ಸೋತ ಉಕ್ಕಿನ ಕಾರ್ಖಾನೆಯವನು, ಸೋತವರಿಂದ ಎರವಲು ತರುವುದು ಈ ಪಂದ್ಯಾವಳಿಯ ಹಳೆಯ ಪದ್ಧತಿ, ಪ್ರಾಂತ್ಯವನ್ನು ಗೆದ್ದ ತಂಡ ರಾಜಧಾನಿಗೆ ಹೊರಡುವಾಗ ತಾನು ಸೋಲಿಸಿದವರಲ್ಲೇ ಮೂವರನ್ನು ಜೊತೆಗೆ ಕರೆದೊಯ್ಯಬಹುದು, ಇಡೀ ಪ್ರಾಂತ್ಯದ ಮಾನ ಒಂದೇ ಬಂಡಿಯಲ್ಲಿ ಹೋಗಲಿ ಎಂದು ಹಿರಿಯರು ಕಟ್ಟಿದ ಏರ್ಪಾಡು, ಆದರೆ ಬಂಡಿಗೆ ಒಬ್ಬ ಹತ್ತಿದರೆ ಇನ್ನೊಬ್ಬ ಇಳಿಯಬೇಕೆಂಬುದನ್ನು ಆ ಹಿರಿಯರು ಯಾರ ಮುಖ ನೋಡಿ ಹೇಳಿದರೋ, ಮಧ್ಯಾಹ್ನದ ಸೈರನ್ ಕೂಗುವುದರೊಳಗೆ ಎರಡರಲ್ಲೊಂದು ಪಟ್ಟಿ ಹಲಗೆಗೆ ಏರಬೇಕು, ಏರಿಸಬೇಕಾದವನು ತಾನೇ, ಕಾಂತೊಕು, ತಂಡದ ಯಜಮಾನ, ಈ ಕಾಗದದ ಗಿರಣಿಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಆ ಪದವಿಯಿಂದಲೇ, ಹೆಸರು ಹಿಡಿದು ಕರೆಯುವವರು, ಒಬ್ಬನನ್ನು ಬಿಟ್ಟರೆ, ಸತ್ತರು ಇಲ್ಲವೇ ನಿವೃತ್ತರಾದರು. ಜುಲೈ ತಿಂಗಳ ಸೆಕೆ, ಕಿಟಕಿ ತೆರೆದರೆ ತಿರುಳು ಬೇಯುವ ವಾಸನೆ, ಮುಚ್ಚಿದರೆ ನಾಲ್ವರ ಬೆವರಿನ ವಾಸನೆ, ತೆರೆದೇ ಇರಲಿ, ಹುರಿದ ಬಾರ್ಲಿಯ ತಣ್ಣನೆಯ ಚಹಾ ಲೋಟಗಳಲ್ಲಿ ಬೆವೆತು ಮೇಜಿನ ಮೇಲೆ ಉಂಗುರ ಬರೆಯುತ್ತಿದೆ, ತ್ಸುಜುಕಿ ಮಾತನಾಡುತ್ತಿದ್ದಾನೆ, ಕಾಗದದ ದಪ್ಪ ಅಳೆಯುವ ಪ್ರಯೋಗಾಲಯದಿಂದ ತಂಡದ ಅಂಕಿಸಂಖ್ಯೆ ನೋಡಿಕೊಳ್ಳಲೆಂದು ಬಂದವನು, ಈಗ ಮನುಷ್ಯರ ದಪ್ಪ ಅಳೆಯುತ್ತಾನೆ, ಮೊದಲ ಸುತ್ತಲ್ಲಿ ನಮಗೆ ಸಿಕ್ಕಿರೋದು ಮೋಟಾರು ಕಾರ್ಖಾನೆಯೋರು ಕಾಂತೊಕು, ಅವರು ಹೊಡೆದು ಗೆಲ್ಲೋರಲ್ಲ, ಓಡಿ ಗೆಲ್ಲೋರು, ಒಬ್ಬ ಬೇಸ್ ಮೇಲೆ ನಿಂತ ಅಂದ್ರೆ ಚೆಂಡು ಬರೋದ್ರೊಳಗೆ ಓಡಿ ಮುಂದಿನ ಬೇಸ್ ಕದ್ದ ಅಂತಾನೇ ಲೆಕ್ಕ, ಅಂಥವರ ಮುಂದೆ ಒಜೆಕಿ-ಸಾನ್ ಕೂತ್ರೆ, ತಪ್ಪು ತಿಳ್ಕೋಬೇಡಿ, ಅವರು ಎಸೆದ ಚೆಂಡು ಎರಡನೇ ಬೇಸ್ ಮುಟ್ಟೋ ಹೊತ್ತಿಗೆ ಓಡಿದವನು ಅಲ್ಲಿ ಚಹಾ ಕುಡಿದು ಲೋಟ ತೊಳೆದಿಟ್ಟಿರ್ತಾನೆ. ಓಯ್ ತಕ್ಕಡಿ, ಎಂದು ವಾಕುಯಿ ಮೇಜು ಗುದ್ದುತ್ತಾನೆ, ಪಿಚರುಗಳನ್ನು ಪಳಗಿಸುವ ಮುದುಕ, ಸಿಟ್ಟು ಬಂದರೆ ಕಿವಿಯ ತುದಿ ಕೆಂಪಾಗುವವನು, ನಿನ್ನ ಯಂತ್ರದಲ್ಲಿ ನಮ್ಮ ಪಿಚರ್ ಸುಗಾಯಾನ ಎದೆ ಹೊಡ್ಕೊಳ್ಳೋದು ಕಾಣುತ್ತೇನೋ, ಅವನ ಕೆಳಗೆ ಬೀಳೋ ಚೆಂಡು ನೆಲಕ್ಕೆ ಬಡಿದು ಎಲ್ಲಿಗೆ ಹಾರುತ್ತೋ ದೇವರಿಗೇ ಗೊತ್ತಿಲ್ಲ, ಒಜೆಕಿ ಅದನ್ನ ಎದೆಯೊಡ್ಡಿ ತಡೀತಾನೆ, ತಡೀತಾನೆ ಅಂತಲೇ ಸುಗಾಯಾ ಎಸೀತಾನೆ. ಮಿಕುರಿಯಾ-ಸಾನೂ ತಡೀತಾರೆ ವಾಕುಯಿ-ಸಾನ್, ಒಜೆಕಿ-ಸಾನ್‌ಗಿಂತ ಚೆನ್ನಾಗೇ ತಡೀತಾರೆ. ತಡೀಲಿ, ಆದ್ರೆ ತಡೀತಾನೆ ಅನ್ನೋದು ಸುಗಾಯಾಗೆ ಗೊತ್ತಿರಬೇಕಲ್ಲ, ಕ್ಯಾಚರ್ ಅಂದ್ರೆ ಪಿಚರಿನ ಹೆಂಡ್ತಿ ಕಣಯ್ಯಾ, ನೀನು ಎರವಲು ಹೆಂಡ್ತಿ ತಂದು ಕೂರಿಸಿ ನಾಳೆಯಿಂದ ಸಂಸಾರ ಮಾಡು ಅಂದ್ರೆ ಅವನು ಯಾವ ಕೈಯಿಂದ ಮಾಡ್ತಾನೆ! ಯೊಕೊಓ ನಗುತ್ತಾನೆ, ಕ್ರೀಡಾ ವಿಭಾಗದ ಮುಖ್ಯಸ್ಥ, ನಕ್ಕರೂ ಕಣ್ಣು ನಗದವನು, ನಗು ಮುಗಿದೊಡನೆ ಗಡಿಯಾರ ನೋಡಿದವನು, ಇಬ್ಬರನ್ನೂ ಒಯ್ಯೋಣ ಅನ್ನೋದಾದ್ರೆ ಯಾರನ್ನ ಇಳಿಸ್ತೀರಿ ಹೇಳಿ, ಎಡಗೈ ಪಿಚರುಗಳು ಇರೋದೇ ಇಬ್ಬರು, ಎರಡನೇ ಕ್ಯಾಚರ್ ಅಸಹಿನಾ ಮೊದಲ ಬೇಸನ್ನೂ ಕಾಯ್ತಾನೆ, ಬ್ಯಾಟೂ ಬೀಸ್ತಾನೆ, ಇನ್ನು ಯಾರು, ಉಕ್ಕಿನವರಿಗೆ ಸೈರನ್ ಒಳಗೆ ಫೋನ್ ಮಾಡ್ತೀನಿ ಅಂದಿದ್ದೀನಿ ಹಿನೊಕುಮಾ-ಸಾನ್. ಅವನೊಬ್ಬ ಮಾತ್ರ ಹೆಸರು ಹಿಡಿಯುತ್ತಾನೆ, ಮರ್ಯಾದೆಗೆ ಸಾನ್ ಸೇರಿಸಿದರೂ ಹಣೆಗೆ ಬೆರಳು ಒತ್ತಿದಂತೆ.

ಕಿಟಕಿಯ ಕೆಳಗೆ ಅಂಗಳ, ಅಂಗಳದ ತುಂಬ ಕಾಗದದ ಸುರುಳಿಗಳು, ಒಂದೊಂದೂ ಆಳೆತ್ತರ, ಅವುಗಳ ನಡುವೆ ಒಜೆಕಿ ನಿಂತು ಎತ್ತುವ ಗಾಡಿಗೆ ದಾರಿ ತೋರಿಸುತ್ತಿದ್ದಾನೆ, ಬೆಳಿಗ್ಗೆ ಗಿರಣಿಯ ಕೂಲಿ ಮಧ್ಯಾಹ್ನ ಮೈದಾನದ ಆಟ, ಇಲ್ಲಿ ಎಲ್ಲ ಆಟಗಾರರ ಬದುಕೂ ಅಷ್ಟೇ, ಹಳದಿ ಶಿರಸ್ತ್ರಾಣ, ದಪ್ಪ ಕೈಗವಸು, ಎಡಗೈ ಎತ್ತಿ ಹಿಂದೆ ಹಿಂದೆ ಎನ್ನುತ್ತಾನೆ, ಎಡಗೈ ತಿರುವಿ ನಿಲ್ಲು ಎನ್ನುತ್ತಾನೆ, ಬಲಗೈ ಸೊಂಟದ ಪಕ್ಕ ಇಳಿಬಿದ್ದಿದೆ, ಬಲಗೈಯವನು ಎಡಗೈಯಲ್ಲಿ ಸನ್ನೆ ಮಾಡುತ್ತಾನೆ — ನೋಡಬಾರದಿತ್ತು, ಈಗ ನೋಡಿಯಾಯಿತು, ಇಂದೇ ಮೊದಲು ನೋಡಿದ್ದೂ ಅಲ್ಲ, ಮೇ ತಿಂಗಳಿನಿಂದ ನೋಡುತ್ತಿದ್ದಾನೆ, ಪಿಚರಿಗೆ ಚೆಂಡು ಹಿಂತಿರುಗಿಸುವಾಗ ಮೊಣಕೈ ಭುಜದೆತ್ತರಕ್ಕೆ ಏರುವುದಿಲ್ಲ, ಊಟದ ಮನೆಯಲ್ಲಿ ಸಾರಿನ ಬಟ್ಟಲನ್ನು ಎಡಗೈಯಲ್ಲೇ ಎತ್ತಿ ಕುಡಿಯುತ್ತಾನೆ, ಟೋಪಿ ತೆಗೆದು ನಮಸ್ಕರಿಸುವಾಗಲೂ ಎಡಗೈ, ತ್ಸುಜುಕಿಯ ಯಂತ್ರ ಚೆಂಡಿನ ವೇಗವನ್ನು ಹಿಡಿದೀತು, ಸಾರಿನ ಬಟ್ಟಲನ್ನು ಹಿಡಿಯುವುದಿಲ್ಲ, ಅದನ್ನು ಹಿಡಿಯಬಲ್ಲವನು ಒಂದು ಕಾಲದಲ್ಲಿ ತಾನೂ ಕುಕ್ಕರಗಾಲಲ್ಲಿ ಕೂತು ಮೊಣಕಾಲು ಸವೆಸಿದ ಇನ್ನೊಬ್ಬ ಕ್ಯಾಚರ್ ಮಾತ್ರ, ಆ ಭುಜ ಮುಗಿಯಿತು, ಈಗ ಬಾಯಿಬಿಟ್ಟು ಇಷ್ಟು ಹೇಳಿದರೆ ಸಾಕು, ವಾಕುಯಿಯ ಕಿವಿಯ ಕೆಂಪು ಇಳಿದೀತು, ವಾದ ಇಲ್ಲಿಗೇ ಮುಗಿದೀತು, ಹೇಳುವುದಿಲ್ಲ, ಏಕೆ ಹೇಳುವುದಿಲ್ಲ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಉಗುಳದೆ ನುಂಗದೆ ಕೂತಿದ್ದಾನೆ. ಕೈಗವಸಿನೊಳಗೆ ಏನಿದೆ, ಬೆಳಗಿನಿಂದ ಅವನು ಹುಡುಕುತ್ತಿರುವುದು ಅದನ್ನೇ, ಭುಜವನ್ನಲ್ಲ, ಹಲಗೆಯ ಖಾಲಿ ಜಾಗವನ್ನೂ ಅಲ್ಲ, ಆ ದಪ್ಪ ಬಟ್ಟೆಯೊಳಗಿನ ಐದು ಉಗುರು ಈಗ ಯಾವ ಬಣ್ಣದಲ್ಲಿವೆ. ತಾನೇ ಆಡಿದ ಮಾತು, ಯಾರೂ ಆಡಿಸಿದ್ದಲ್ಲ, ಉಕ್ಕಿನವರನ್ನು ಸೋಲಿಸಿದ ಆ ಸಂಜೆ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಕೂಗಾಡುತ್ತಿದ್ದಾಗ ಒಜೆಕಿ ಮಾತ್ರ ಬೆಂಚಿನ ತುದಿಯಲ್ಲಿ ಕೂತು ಒದ್ದೆ ಬಟ್ಟೆಯಿಂದ ಬಲಗೈಯ ಉಗುರು ಉಜ್ಜಿಕೊಳ್ಳುತ್ತಿದ್ದ, ದೂರದಲ್ಲಿ ನಿಂತ ಪಿಚರಿಗೆ ಬೆರಳ ಸನ್ನೆ ಕಾಣಲೆಂದು ಪಂದ್ಯದ ದಿನ ಕ್ಯಾಚರುಗಳು ಹಚ್ಚಿಕೊಳ್ಳುವ ಬಿಳಿ, ಪಂದ್ಯ ಮುಗಿದೊಡನೆ ಒರೆಸಿಬಿಡುವುದು ಅವನ ರೂಢಿ, ಗಿರಣಿಯಲ್ಲಿ ನಗುತ್ತಾರೆ ಕಾಂತೊಕು, ಮದುಮಗಳು ಬಂದ್ಲು ಅಂತಾರೆ, ಎಂದು ಒಮ್ಮೆ ಹೇಳಿದ್ದ, ತಾನು ಹೋಗಿ ಆ ಬಟ್ಟೆ ಕಸಿದು ಎಸೆದು ಒಜೆಕಿ, ಅಳಿಸ್ಬೇಡ ಕಣೋ, ರಾಜಧಾನೀಲಿ ಬೇಕಾಗುತ್ತೆ, ಎಂದ, ಎಂದೇಬಿಟ್ಟ, ಅಷ್ಟು ವರ್ಷ ಪ್ರಾಂತ್ಯದಲ್ಲೇ ಸೋತು ಸೋತು ಆ ದೊಡ್ಡ ಮೈದಾನದ ಮಣ್ಣನ್ನೇ ತುಳಿಯದವನು ತಲೆಯೆತ್ತಿ ನೋಡಿದ, ಅರ್ಧ ಅಳಿಸಿದ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ, ಮುತ್ತು ಒಡೆದರೆ ಹೋಯಿತು ಮಾತು ಆಡಿದರೆ ಹೋಯಿತು, ಭುಜದ ವಿಷಯ ಆಗಲೂ ಗೊತ್ತಿತ್ತಲ್ಲ, ಗೊತ್ತಿದ್ದೇ ಆಡಿದೆಯಲ್ಲ.

ಕಬಶಿಮಾ ಹಾಗೆ ಬಚ್ಚಿಡಲಿಲ್ಲ, ಕಬಶಿಮಾ ಕೈಯನ್ನು ತೊಡೆಯ ಮೇಲೆ ಅಗಲವಾಗಿ ಹರಡಿ ಇಟ್ಟಿದ್ದ, ಎಷ್ಟು ಕಾಲದ ಮಾತು ಅದು, ಆಗ ಸೋತವನು ತಾನು, ಗೆದ್ದವರು ಇದೇ ಉಕ್ಕಿನವರು, ಎರವಲು ಹೋದ ಕ್ಯಾಚರ್ ತಾನೇ, ಉಕ್ಕಿನವರ ಅಂಗಿ, ತೋಳಿನ ಮೇಲೆ ಮಾತ್ರ ತನ್ನ ಗಿರಣಿಯ ಲಾಂಛನ, ಎರವಲಿನವರು ತಮ್ಮ ಮನೆಯ ಗುರುತನ್ನು ತೋಳಿನಲ್ಲಿ ಹೊತ್ತುಕೊಂಡೇ ಹೋಗಬೇಕೆಂಬ ಕಟ್ಟಳೆ, ವಸತಿಗೃಹದ ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಉಕ್ಕಿನವರ ಸನ್ನೆಗಳನ್ನೆಲ್ಲ ಕಲಿಸಿದವನು ಕಬಶಿಮಾ, ಅವರ ಕ್ಯಾಚರ್, ತಾನು ಏರಿದ್ದರಿಂದ ಇಳಿದವನು, ಒಂದು ಬೆರಳಾದರೆ ನೇರ, ಎರಡಾದರೆ ತಿರುವು, ಕಿರುಬೆರಳು ಅಲ್ಲಾಡಿದರೆ ಹಿಂದಿನದೆಲ್ಲ ಸುಳ್ಳು, ಬಿಳಿ ಉಗುರು ತೊಡೆಯ ಮೇಲೆ ಕುಣಿಯುತ್ತಿತ್ತು, ಇನ್ನೂ ಅಳಿಸಿರಲಿಲ್ಲ, ಅದೇಕೆಂದು ಕೇಳುವ ಧೈರ್ಯವಾಗಲಿಲ್ಲ, ನೋಡೇ ಸವತಿ, ಎಂದು ಗಹಗಹಿಸಿ ನಕ್ಕಿದ್ದ ಕಬಶಿಮಾ, ನನ್ನ ಗಂಡನ್ನ ನಿನ್ನ ಮಡಿಲಿಗೆ ಹಾಕ್ತಾ ಇದೀನಿ, ಮೂಗಿನ ತುದೀಲಿ ಸಿಟ್ಟು ಅವನಿಗೆ, ಮೂರನೇ ಸರದೀಲಿ ಒಂದು ಸಲ ಹೋಗಿ ಬೆನ್ನು ತಟ್ಟು, ಏನೂ ಮಾತಾಡ್ಬೇಡ, ಬರೀ ತಟ್ಟು. ತಟ್ಟಿದ್ದ, ಗೆದ್ದಿದ್ದರು, ಗೆದ್ದು ಎಲ್ಲರೂ ಪ್ರೇಕ್ಷಕರತ್ತ ಸಾಲಾಗಿ ನಿಂತು ತಲೆಬಾಗಿದಾಗ ಡೋಲು ಬಾರಿಸುವವರ ಪಕ್ಕದಲ್ಲಿ ಕಬಶಿಮಾ ನಿಂತಿದ್ದ, ಇಳಿದು ಬಂದ, ಮೈದಾನದಂಚಿನ ಹಸಿರು ಬಲೆಯ ಕಣ್ಣುಗಳೊಳಗಿಂದ ಬೆರಳುಗಳನ್ನು ಹೊರಚಾಚಿದ, ಐದೂ ಬಿಳಿ, ಚೆನ್ನಾಗಿ ಆಡಿದೆ ಕಣೋ ಹಿನೊಕುಮಾ, ಕೆಟ್ಟದಾಗಿ ಆಡಿದ್ರೆ ನಂಗೆ ಸ್ವಲ್ಪ ಸುಲಭ ಆಗ್ತಿತ್ತು. ಆ ಬೆರಳುಗಳನ್ನು ಮುಟ್ಟಿದೆನೇ, ಮುಟ್ಟಿದ ನೆನಪಿಲ್ಲ, ಬಲೆಯ ಒರಟು ಮಾತ್ರ ನೆನಪಿದೆ, ಆಮೇಲೆ ಒಬ್ಬ ಕ್ಯಾಚರಿನ ಮುಖವನ್ನೂ ನೆಟ್ಟಗೆ ನೋಡಲಾಗದೆ ಉಗುರು ನೋಡುವುದೇ ಚಟವಾಯಿತು — ಏನು, ಯಾರೋ ಕರೆಯುತ್ತಿದ್ದಾರೆ, ಕಾಂತೊಕು, ಕಾಂತೊಕು, ತ್ಸುಜುಕಿಯ ದನಿ ಮೊದಲಿಗಿಂತ ಮೆತ್ತಗಾಗಿದೆ, ನಂಗೂ ಒಜೆಕಿ-ಸಾನ್ ಅಂದ್ರೆ ಇಷ್ಟ, ನಾನು ಬಂದ ಹೊಸದ್ರಲ್ಲಿ ಊಟದ ಮನೇಲಿ ಪಕ್ಕಕ್ಕೆ ಕರೆದು ಕೂರಿಸ್ಕೊಂಡಿದ್ದು ಅವರೊಬ್ಬರೇ, ಬಾಕಿಯವರು ತಕ್ಕಡಿ ಬಂತು ಅಂತ ಎದ್ದು ಹೋಗ್ತಿದ್ರು, ಆದ್ರೆ ನೀವು ಕೇಳಿದ್ದು ಇಷ್ಟಾನಾ ಅಂತ ಅಲ್ವಲ್ಲ, ಗೆಲ್ತೀವಾ ಅಂತ. ವಾಕುಯಿ ಈ ಸಲ ಮೇಜು ಗುದ್ದುವುದಿಲ್ಲ, ಲೋಟ ತಿರುಗಿಸುತ್ತಾನೆ, ಯೊಕೊಓ ದನಿ ಇಳಿಸುತ್ತಾನೆ, ಅವನು ದನಿ ಇಳಿಸಿದಾಗಲೇ ಭಯ, ನಾನು ಬೆದರಿಸ್ತಿದೀನಿ ಅನ್ಕೋಬೇಡಿ, ಹಿರಿಯ ಕಚೇರಿಯೋರು ಈ ವರ್ಷ ನೋಡೋಣ ಅಂದಿದಾರೆ, ಮೊದಲ ಸುತ್ತಲ್ಲೇ ಗಂಟು ಕಟ್ಕೊಂಡು ವಾಪಸ್ ಬಂದ್ರೆ ಮುಂದಿನ ವರ್ಷ ಈ ಗೋಡೇಲಿ ಹಲಗೇನೇ ಇರಲ್ಲ, ಆಮೇಲೆ ಯಾರ ಪಟ್ಟಿ ಎಲ್ಲಿ ಅಂಟಿಸ್ತೀರಿ.

ಹಲಗೆಯೇ ಇಲ್ಲದ ಗೋಡೆ, ಇಪ್ಪತ್ತನಾಲ್ಕು ಪಟ್ಟಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಒಂದಕ್ಕೊಂದು ಕಚ್ಚಿಕೊಂಡು, ಸುಗಾಯಾ ಸುರುಳಿ ಹೊರುತ್ತಾನೆ, ಅಸಹಿನಾ ಸುರುಳಿ ಹೊರುತ್ತಾನೆ, ಮೈದಾನದ ಮೇಲೆ ಉಗ್ರಾಣ ಏಳುತ್ತದೆ, ಅತ್ತ ಒಬ್ಬನ ಮಾತು ಇತ್ತ ಇಷ್ಟು ಜನರ ಬೇಸಿಗೆ, ತಕ್ಕಡಿಯಲ್ಲಿಟ್ಟರೆ ಯಾವುದು ತೂಗುತ್ತದೆಂದು ತಿಳಿಯದಷ್ಟು ಮೂಢನಲ್ಲ ಅವನು, ತೂಕ ಮೇ ತಿಂಗಳಲ್ಲೇ ತಿಳಿದಿತ್ತು, ಮೋಟಾರಿನವರ ಮೊದಲ ಓಟಗಾರ ಓಡುತ್ತಾನೆ, ಒಜೆಕಿ ಏಳುತ್ತಾನೆ, ಮೊಣಕೈ ಏರುವುದಿಲ್ಲ, ಚೆಂಡು ಎರಡು ಪುಟ ನೆಗೆದು ಬೇಸಿನಿಂದಾಚೆ ಉರುಳುತ್ತದೆ, ತುಂಬಿದ ಮೈದಾನ ಓ ಎನ್ನುತ್ತದೆ, ಇನ್ನೊಬ್ಬ ಓಡುತ್ತಾನೆ, ಮತ್ತೊಬ್ಬ, ಬಾಗಿಲಿಲ್ಲದ ಮನೆಗೆ ನುಗ್ಗುವಂತೆ, ಊರೂರಿನ ಮನೆಗಳಲ್ಲಿ ಜನ ಟೀವಿ ಪೆಟ್ಟಿಗೆಯ ಮುಂದೆ ಕೂತು ಆ ಬಿಳಿ ಉಗುರಿನ ಕೈ ಭುಜ ಹಿಡಿದುಕೊಳ್ಳುವುದನ್ನು ನೋಡುತ್ತಾರೆ, ಅದನ್ನೇ ಏನು ನೀನು ಅವನಿಗೆ ಕೊಟ್ಟ ಮಾತು, ಅದಕ್ಕಾಗಿಯೇ ಏನು ಒರೆಸುವ ಬಟ್ಟೆ ಕಸಿದದ್ದು — ಆದರೆ ಇದೂ ಒಂದು ನೆವವಲ್ಲವೇ, ಅವನ ಒಳ್ಳೆಯದಕ್ಕೇ ಎಂದು ಬೆನ್ನಿಗೆ ಇರಿಯುವ ನೆವ, ಇರಿಯುವುದಾದರೆ ಇರಿ, ಒಳ್ಳೆಯದು ಎನ್ನಬೇಡ, ನಾಳೆ ಮಿಕುರಿಯಾ ಬರುತ್ತಾನೆ, ತೋಳಿನ ಮೇಲೆ ಉಕ್ಕಿನ ಲಾಂಛನ, ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು, ಒಜೆಕಿ ಕೈ ಹರಡುತ್ತಾನೆ, ಒಂದು ಬೆರಳಾದರೆ ನೇರ, ಎರಡಾದರೆ ತಿರುವು, ಸುಗಾಯಾನ ಬೆನ್ನು ಯಾವ ಸರದಿಯಲ್ಲಿ ತಟ್ಟಬೇಕೆಂದು ಹೇಳಿಕೊಡುತ್ತಾನೆ, ಹೇಳಿಕೊಟ್ಟೇ ಕೊಡುತ್ತಾನೆ, ಹೇಳಿಕೊಡದ ಜಾತಿಯವನಾಗಿದ್ದರೆ ಎಷ್ಟು ಸುಲಭವಾಗಿತ್ತು. ಅವನ ಭುಜ ಹೋಗಿದೆ, ಎಂದಿತು ಬಾಯಿ. ಯಾರ ಬಾಯಿ ಎಂದು ಅವನೇ ಒಂದು ಕ್ಷಣ ತಡಕಾಡಿದ. ಏನಂದ್ರಿ, ಎಂದ ವಾಕುಯಿ. ಮೇ ತಿಂಗಳಿಂದ, ಮರೆಮಾಚ್ತಾ ಇದಾನೆ, ಬಟ್ಟಲು ಎತ್ತೋದೂ ಎಡಗೈಲಿ. ಮುದುಕನ ಕಿವಿಯ ಕೆಂಪು ಕಣ್ಣೆದುರೇ ಇಳಿಯಿತು, ಮೂರ್ಖ, ಎಂದ ಮುದುಕ, ಒಜೆಕಿಯನ್ನೋ ತನ್ನನ್ನೋ, ಮೂರ್ಖ, ಮೂರ್ಖ, ನಂಗೊಂದು ಮಾತು ಹೇಳಬಾರದಿತ್ತಾ. ಮಿಕುರಿಯಾ, ಎಂದ ಹಿನೊಕುಮಾ, ಹೊಸ ಪಟ್ಟಿಯನ್ನೆತ್ತಿ ಖಾಲಿ ಜಾಗದ ಹತ್ತಿರ ಒಯ್ದೊಡನೆ ಹಲಗೆಯೇ ಅದನ್ನು ಕೈಯಿಂದ ಕಿತ್ತುಕೊಂಡಿತು, ಟಕ್, ಯೊಕೊಓ ಆಗಲೇ ಫೋನ್ ಹಿಡಿದು ಹೊರಗೆ ಹೋದ, ಶಾಯಿ ಹೆಬ್ಬೆರಳಿಗೆ ಹತ್ತಿದೆ, ಒಜೆಕಿಯ ಪಟ್ಟಿಯನ್ನು ಮೇಜಿನ ಮೇಲೆ ಬಿಡಲಾಗದೆ ಜೇಬಿಗೆ ಹಾಕಿಕೊಂಡ, ಅದು ಒಳಗೆ ಬೀಗದ ಕೈಯನ್ನು ಹುಡುಕಿ ಕಚ್ಚಿಕೊಂಡಿತು, ಹೋಗಿ ಹೇಳಬೇಕು, ತಾನೇ ಇಳಿದು ಹೋಗಿ ಹೇಳಬೇಕು, ಇನ್ನೊಬ್ಬರ ಬಾಯಿಂದ ಕೇಳಬಾರದು, ಏನೆಂದು ಹೇಳುವುದು, ಒಜೆಕಿ, ಅಳಿಸ್ಬಿಡು, ಎಂದೇ, ಇಲ್ಲ, ಅಳಿಸಿಯೇ ಇರುತ್ತಾನೆ, ದಿನಗಳೇ ಕಳೆದವು, ಗಿರಣಿಯ ಎಣ್ಣೆ ಸೋಪು ದೂಳು, ಬಣ್ಣ ಅಷ್ಟು ದಿನ ನಿಲ್ಲುವುದಿಲ್ಲ, ತಾನಾಗಿಯೇ ಸವೆದು ಹೋಗಿರುತ್ತದೆ, ಅವನೂ ಮರೆತಿರುತ್ತಾನೆ, ಗೆಲುವಿನ ಸಂಜೆಯ ಮಾತನ್ನು ಯಾರು ತಾನೆ ಕಟ್ಟಿಟ್ಟುಕೊಳ್ಳುತ್ತಾರೆ — ಸೈರನ್ ಕೂಗಿತು. ಅಂಗಳದಲ್ಲಿ ಗಾಡಿ ನಿಂತಿತು, ಜನ ಶಿರಸ್ತ್ರಾಣ ಕಳಚಿದರು, ಒಜೆಕಿ ಎಡಗೈಯ ಗವಸನ್ನು ಕಂಕುಳಲ್ಲಿ ಸಿಕ್ಕಿಸಿ ಎಳೆದ, ಬಲಗೈಯದನ್ನು ಹಲ್ಲಿನಿಂದ ಕಚ್ಚಿ ಎಳೆದ, ಯಾರೋ ಏನೋ ಅಂದರು, ಮದುಮಗಳು ಎಂದಿರಬೇಕು, ನಕ್ಕರು, ಅವನೂ ನಕ್ಕ, ನಕ್ಕು ಈ ಕಿಟಕಿಯತ್ತ ತಿರುಗಿದ, ನೆತ್ತಿಯ ಬಿಸಿಲು ಕಣ್ಣಿಗೆ ಹೊಡೆಯಿತು, ನೆರಳು ಹಿಡಿಯಲು ಬಲಗೈ ಎತ್ತಿದ, ಕೈ ಎದೆಯವರೆಗೆ ಬಂತು, ಇನ್ನೂ ಸ್ವಲ್ಪ ಬಂತು, ಅಲ್ಲಿಂದ ಮೇಲೆ ಬರಲಿಲ್ಲ, ಹಣೆಯೇ ತಗ್ಗಿ ಕೆಳಗೆ ಬಂದು ಕೈಯನ್ನು ಸೇರಿತು, ಹಾಗೆ ತಲೆಬಾಗಿದವನಂತೆ ನಿಂತು ಮೇಲೆ ನೋಡಿದ, ಹಣೆಯ ಮೇಲೆ ಐದು ಉಗುರು, ಬಿಳಿ, ಇಂದು ಬೆಳಿಗ್ಗೆ ಹಚ್ಚಿದ ಬಿಳಿ, ಹೆಬ್ಬೆರಳಿನದೂ, ಅಳಿಸಿದ್ದ ಅರ್ಧವನ್ನೂ ತುಂಬಿ, ಐದೂ, ಬಿಳಿ