ಚೆಂಡಿನ ನೀರು

ಗೋಣಿಬೀಡಿನ ಆಚೆ, ಕಲ್ಲುಗುಡ್ಡೆ ತೋಟಕ್ಕೂ ಹೊಸಳ್ಳಿ ತೋಟಕ್ಕೂ ನಡುವೆ ಒಂದು ಕೆರೆಯಿದೆ. ಎರಡು ಸಾವಿರನೇ ಇಸವಿಯ ಮಾರ್ಚ್ ತಿಂಗಳಲ್ಲಿ ಆ ಕೆರೆಯಲ್ಲಿ ನೀರಿತ್ತು. ಎರಡೂ ತೋಟದಲ್ಲಿ ಮೋಟರಿತ್ತು, ಪೈಪಿತ್ತು, ಸ್ಪ್ರಿಂಕ್ಲರ್ ಇತ್ತು, ಕರೆಂಟು ಕೂಡ ಮನಸ್ಸು ಬಂದಾಗ ಬರುತ್ತಿತ್ತು. ಆದರೂ ರೊಬಸ್ಟಾ ಕಾಫಿ ಗಿಡಗಳ ಮೊಗ್ಗು ಬಾಡುತ್ತಿತ್ತು. ಕಾರಣ ಇಷ್ಟೇ: ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಆಗಬೇಕಿದ್ದ ರಗ್ಬಿ ಪಂದ್ಯ ಇನ್ನೂ ಆಗಿರಲಿಲ್ಲ.

ಕೇಳಿದವರು ನಗುತ್ತಾರೆ. ನಗಲಿ. ಕಲ್ಲುಗುಡ್ಡೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಪ್ರೇಮಕುಮಾರಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಕಲ್ಲುಗುಡ್ಡೆ ಒಂದು ಕಾಲಕ್ಕೆ ಸ್ಕಾಟ್ಲೆಂಡಿನಿಂದ ಬಂದ ಬಿಳಿ ದೊರೆಯೊಬ್ಬನದು, ಹೊಸಳ್ಳಿ ಇಂಗ್ಲೆಂಡಿನವನದು. ಇಬ್ಬರೂ ಸೇರಿ ಕೆರೆ ಕಟ್ಟಿಸಿದರು, ಕಟ್ಟಿಸಿದ ಮೇಲೆ ನೀರಿಗೆ ಕಿತ್ತಾಡಿದರು. ಬೇಸಗೆಯಲ್ಲಿ ಆ ಕೆರೆ ಒಂದು ತೋಟದ ಹೊಟ್ಟೆ ತುಂಬಿಸುತ್ತದೆ, ಎರಡನೆಯದಕ್ಕೆ ತಳದ ಕೆಸರು. ಕೊನೆಗೆ, ವರ್ಷವರ್ಷ ತಮ್ಮೆರಡು ದೇಶಗಳ ನಡುವೆ ಆಗುವ ಪಂದ್ಯದಲ್ಲಿ ಯಾರು ಗೆದ್ದರೋ ಅವರ ತೋಟಕ್ಕೆ ಮೊದಲ ನೀರು, ಪಂದ್ಯ ಮುಗಿಯುವ ತನಕ ವಾಲ್ವನ್ನು ಯಾರೂ ಮುಟ್ಟಬಾರದು ಎಂದು ಕೈ ಕುಲುಕಿದರು. ದೊರೆಗಳು ತೋಟ ಮಾರಿ ಹಡಗು ಹತ್ತಿದರು. ಕಲ್ಲುಗುಡ್ಡೆ ಕೊಂಡ ಲಿಂಗಾಯತರ ಮನೆಯವರು ಹಾಗೆ ಸ್ಕಾಟ್ಲೆಂಡಿನವರಾದರು, ಹೊಸಳ್ಳಿ ಕೊಂಡ ಭಟ್ಟರು ಇಂಗ್ಲೆಂಡಿನವರಾದರು. ಪತ್ರದಲ್ಲಿ ಎಲ್ಲೂ ಬರೆದಿಲ್ಲ. ಆಡಿದ ಮಾತು, ಅಷ್ಟೇ. ಕೂಲಿಯವರು ಇದನ್ನು ಚೆಂಡಿನ ನೀರು ಎಂದು ಕರೆಯುತ್ತಾರೆ.

ಪ್ರೇಮಕುಮಾರಿ ಬಂದ ವರ್ಷ, ತೊಂಬತ್ತರಲ್ಲಿ, ಸ್ಕಾಟ್ಲೆಂಡ್ ಗೆದ್ದಿತ್ತು. ಗಂಡ ವಿಶ್ವನಾಥನ ಜೊತೆ ಏರಿಯ ಮೇಲೆ ನಿಂತು, ಗುಡ್ಡದ ತುಂಬ ತಿರುಗುವ ನೀರು ನೋಡಿದ್ದಳು. ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಹೂಬಿಟ್ಟು ಬೆಳ್ಳಗಾಗಿ, ಮನೆಯೊಳಗೂ ಮಲ್ಲಿಗೆಯಂಥ ವಾಸನೆ. ಅದೇ ಕೊನೆ. ಆಮೇಲೆ ವರ್ಷ ತಪ್ಪದೆ ಇಂಗ್ಲೆಂಡೇ ಗೆಲ್ಲುತ್ತ ಬಂತು. ನಡುವೆ ವಿಶ್ವನಾಥ ಚಾರ್ಮಾಡಿಯಲ್ಲಿ ಜೀಪು ಉರುಳಿ ತೀರಿಕೊಂಡ. ತೋಟದ ಉಸ್ತುವಾರಿ ಅವಳ ತಲೆಯ ಮೇಲೆ ಬಿತ್ತು, ಅದರ ಜೊತೆಗೆ ಆ ದರಿದ್ರ ಚೆಂಡೂ ಬಿತ್ತು. ಮೊಗ್ಗು ಅರಳಿಸುವ ಹೂಮಳೆ ಸರಿಯಾಗಿ ಬಂದ ವರ್ಷ ಪರವಾಗಿಲ್ಲ, ಕೈಕೊಟ್ಟ ವರ್ಷ ಮೇಲಿನ ಗುಡ್ಡದ ಫಸಲು ಅರ್ಧಕ್ಕರ್ಧ ಹೋಗುತ್ತಿತ್ತು.

ಎರಡು ಸಾವಿರದಲ್ಲಿ ಪಂದ್ಯ ಏಪ್ರಿಲ್ ಎರಡಕ್ಕೆ ಹೋಗಿ ಕೂತಿತು.

"ಈ ಸಲ ಪಂದ್ಯಾವಳಿಗೆ ಇಟಲಿಯವ್ರೂ ಸೇರ್ಕೊಂಡಿದಾರೆ. ಅದಕ್ಕೇ ತಡ ಆಗಿರೋದು," ಎಂದರು ಮಾವ ಬಸವರಾಜಪ್ಪನವರು, ಜಗಲಿಯ ಕುರ್ಚಿಯಿಂದ.

"ಇಟಲಿಯವ್ರಿಗೇನು ಮಾವ, ಅವ್ರು ಗಿಡ ನೆಟ್ಟಿದಾರಾ? ಒಣಗ್ತಿರೋದು ನಮ್ಮ ಮೊಗ್ಗು."

"ಭಟ್ರದ್ದೂ ಒಣಗ್ತದೆ. ಅವ್ರು ತಡ್ಕೊಂಡಿಲ್ವಾ? ಆಡಿದ ಮಾತು ಅಂದ್ರೆ ಮಾತು."

ಆ ಮುದುಕರಿಗೆ ಸೋಲಿನಲ್ಲೂ ಒಂದು ಗತ್ತಿತ್ತು. ಪ್ರಪಂಚದಲ್ಲಿ ಎರಡು ದೇಶಗಳ ನಡುವೆ ಮೊಟ್ಟಮೊದಲು ರಗ್ಬಿ ಆಡಿದ್ದೇ ಇವರಿಬ್ಬರು, ಸಾವಿರದ ಎಂಟುನೂರಾ ಎಪ್ಪತ್ತೊಂದರಲ್ಲಿ, ಗೆದ್ದದ್ದು "ನಾವು" ಎನ್ನುತ್ತಿದ್ದರು. ಗೆದ್ದವರಿಗೆ ಕೊಡುವ ಬಟ್ಟಲು ಕಲ್ಕತ್ತದಲ್ಲಿ ನಮ್ಮ ಬೆಳ್ಳಿ ರೂಪಾಯಿ ಕರಗಿಸಿ ಮಾಡಿದ್ದು, ಹಿಡಿಗೆ ನಾಗರಹಾವು, ಮುಚ್ಚಳದ ಮೇಲೆ ಆನೆ. "ಶಿವನ ಕೊರಳಿನ ಹಾವು ಅದು ಪ್ರೇಮಾ. ಎಲ್ಲಿಗೆ ಬರಬೇಕೋ ಅಲ್ಲಿಗೆ ಬಂದೇ ಬರ್ತದೆ." ಸ್ಕಾಟ್ಲೆಂಡ್ ಭೂಪಟದಲ್ಲಿ ಎಲ್ಲಿದೆ ಎಂದು ಕೇಳಿದರೆ ಮಾತ್ರ ಬೆರಳು ಸ್ವಲ್ಪ ತಡಕಾಡುತ್ತಿತ್ತು.

ಪ್ರೇಮಕುಮಾರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದವಳೇ ಗುಡ್ಡಕ್ಕೆ ಹೋಗಿ ಮೊಗ್ಗನ್ನು ಉಗುರಿನಲ್ಲಿ ಗೀರಿ ನೋಡುವುದು, ಒಳಗೆ ಹಸಿರಿದ್ದರೆ ಒಂದು ಉಸಿರು ಬಿಡುವುದು, ಅಲ್ಲಿಂದ ಕೆರೆ ಏರಿಗೆ ಬರುವುದು, ಬಾಬಾಬುಡನ್‌ಗಿರಿಯ ಕಡೆ ಮೋಡ ಕಟ್ಟಿದೆಯೇ ಎಂದು ಕತ್ತೆತ್ತುವುದು. ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಗುಡುಗುತ್ತಿತ್ತು, ಸಂಜೆಗೆ ಹೇಳದೆ ಕೇಳದೆ ಹೊರಟುಹೋಗುತ್ತಿತ್ತು. ಆಲ್ದೂರಿನಲ್ಲಿ ಒಂದಿಂಚು ಬಿತ್ತಂತೆ ಎಂದು ಯಾರಾದರೂ ಹೇಳಿದರೆ ಅವರ ಮೇಲೇ ಸಿಟ್ಟು ಬರುತ್ತಿತ್ತು.

"ಅಮ್ಮಾ, ಚೆಂಡು ಯಾವಾಗ?" ಎಂದು ತೋಟದ ಕೆಲಸದ ಸಿದ್ದಮ್ಮ ದಿನಾ ಕೇಳುತ್ತಿದ್ದಳು, ಹಬ್ಬ ಯಾವಾಗ ಎಂದು ಕೇಳಿದ ಹಾಗೆ.

"ಗಿಡ ಸತ್ತ ಮೇಲೆ," ಎಂದಳು ಪ್ರೇಮಕುಮಾರಿ ಒಂದು ದಿನ. ಅಂದವಳೇ ಚಪ್ಪಲಿ ಮೆಟ್ಟಿಕೊಂಡು ಸೀದಾ ಹೊಸಳ್ಳಿಗೆ ನಡೆದಳು.

ಕಾಶೀನಾಥ ಭಟ್ಟರು ಅಂಗಳದಲ್ಲಿ ಹರಡಿದ್ದ ಕಾಳುಮೆಣಸಿನಲ್ಲಿ ಕೈಯಾಡಿಸುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ವಿಶ್ವನಾಥ ಹೋದಾಗ ತಿಂಗಳುಗಟ್ಟಲೆ ತೋಟದ ಲೆಕ್ಕ ಬರೆಯುವ ತಮ್ಮ ರೈಟರನ್ನೇ ಕಲ್ಲುಗುಡ್ಡೆಗೆ ಕಳಿಸಿಕೊಟ್ಟಿದ್ದರು. ಆದರೆ ವರ್ಷಾನುಗಟ್ಟಲೆ ಮೊದಲ ನೀರು ಕುಡಿದವರಿಗೆ ಅದು ತಮ್ಮ ಜಾಣತನದಿಂದಲೇ ಸಿಕ್ಕಿದ್ದು ಎಂಬ ಭಾವ ಹೇಗೋ ಬಂದುಬಿಡುತ್ತದೆ.

"ಭಟ್ರೇ, ಒಂದು ವರ್ಷ ನೀವು ಮೊದಲು ನೀರು ಬಿಟ್ಕೊಳ್ಳಿ, ಒಂದು ವರ್ಷ ನಾವು. ಆ ಚೆಂಡಿನ ಉಸಾಬರಿ ಇನ್ನು ಸಾಕು."

"ಬಸವರಾಜಪ್ಪನವ್ರು ಒಪ್ಪಿದ್ರಾ?"

"ಅವ್ರನ್ನ ಒಪ್ಪಿಸೋ ಭಾರ ನಂದು."

ಭಟ್ಟರು ಕೈಯ ಧೂಳು ಕೊಡವಿಕೊಂಡರು. "ನೋಡಿ ಪ್ರೇಮಮ್ಮ, ಸೋತವ್ರಿಗೆ ಆಟ ಸರಿ ಇಲ್ಲ ಅಂತ ಕಾಣೋದು ಸಹಜ. ನೀವು ಗೆದ್ದ ವರ್ಷ ಬಂದು ಇದೇ ಮಾತು ಕೇಳಿ. ಆವತ್ತು ನಾನು ಎರಡು ಮಾತಾಡೋದಿಲ್ಲ."

ಮನೆಗೆ ಬರುವ ದಾರಿಯುದ್ದಕ್ಕೂ ಪ್ರೇಮಕುಮಾರಿಯ ಮುಖಕ್ಕೆ ಬಿಸಿ ಹತ್ತುತ್ತಿತ್ತು. ತಾನು ಕೇಳಿದ್ದು ನ್ಯಾಯಕ್ಕೋ, ಸೋತ ಹೊಟ್ಟೆಯುರಿಗೋ? ನ್ಯಾಯಕ್ಕೇ ಎಂದು ಗಟ್ಟಿಯಾಗಿ ಹೇಳಿಕೊಂಡಳು. ಗೆದ್ದರೆ ಆ ಕ್ಷಣವೇ ಹೋಗಿ ಕೇಳುತ್ತೇನೆ, ಆಗ ಭಟ್ಟರ ಮುಖ ನೋಡಬೇಕು ಎಂದುಕೊಂಡಳು. ಗೆಲ್ಲುವುದೇನೂ ಇರಲಿಲ್ಲ, ಬಿಡಿ. ಆ ವರ್ಷ ಇಂಗ್ಲೆಂಡ್ ಆಡಿದ ಪಂದ್ಯವನ್ನೆಲ್ಲ ಗೆದ್ದಿತ್ತು, ಸ್ಕಾಟ್ಲೆಂಡ್ ಎಲ್ಲವನ್ನೂ ಸೋತಿತ್ತು, ಹೊಸದಾಗಿ ಬಂದ ಇಟಲಿಯ ಕೈಯಲ್ಲೂ.

ಪಂದ್ಯ ನೋಡುವುದು ಭಟ್ಟರ ಮನೆಯಲ್ಲಿ, ಎರಡೂ ಮನೆಯವರು ಒಟ್ಟಿಗೆ. ಹಿಂದೆ ರೇಡಿಯೋ, ಅದಕ್ಕೂ ಹಿಂದೆ ಬಸ್ಸಿನಲ್ಲಿ ತಡವಾಗಿ ಬರುತ್ತಿದ್ದ ಪೇಪರು, ಈಗ ಮಾಡಿನ ಮೇಲೆ ಡಿಶ್ ಆಂಟೆನಾ. ಆ ಭಾನುವಾರ ಸಂಜೆ ಭಟ್ಟರ ಹೆಂಡತಿ ಸರಸ್ವತಿ ಕೋಡುಬಳೆ, ಕಾಫಿ ತಂದಿಟ್ಟರು. ಬಸವರಾಜಪ್ಪನವರು ಇಸ್ತ್ರಿ ಮಾಡಿದ ಪಂಚೆಯುಟ್ಟು, ವಿಭೂತಿ ಧರಿಸಿ ಬಂದು ಕೂತಿದ್ದರು. ಸೋಲು ನೋಡಲು ಇಷ್ಟು ಮಡಿಯಾಗಿ ಬರುವವರು ಇನ್ನಾರೂ ಇರಲಿಕ್ಕಿಲ್ಲ.

ಪ್ರೇಮಕುಮಾರಿಗೆ ಆ ಆಟ ಇವತ್ತಿಗೂ ಅರ್ಥವಾಗಿಲ್ಲ. ಮೊಟ್ಟೆಯಂಥ ಚೆಂಡು, ಅದನ್ನು ಹಿಡಿದವನ ಮೇಲೆ ಹತ್ತು ಜನ. ಮೊದಲರ್ಧದಲ್ಲಿ ಇಂಗ್ಲೆಂಡಿನವರು ಆರಾಮಾಗಿದ್ದರು. ಆಮೇಲೆ ಪಂದ್ಯ ನಡೆಯುತ್ತಿದ್ದ ಎಡಿನ್‌ಬರೋದಲ್ಲಿ ಮಳೆ ಹಿಡಿಯಿತು. ಮಳೆಯೆಂದರೆ ಸಾಮಾನ್ಯ ಮಳೆಯಲ್ಲ, ಮಂಜುಗಡ್ಡೆ ಕಲಸಿದ ಜಡಿಮಳೆ. ಚೆಂಡು ಕೈಯಿಂದ ಜಾರಿತು, ಬಿಳಿ ಅಂಗಿಯ ಇಂಗ್ಲೆಂಡಿನವರು ಕೆಸರಾದರು. ಅವಳ ಹೊಟ್ಟೆ ಉರಿಯುತ್ತಿತ್ತು. ಹುಲ್ಲಿನ ಮೇಲೆ ಸುಮ್ಮನೆ ಹರಿದುಹೋಗುವ ಆ ನೀರಿನಲ್ಲಿ ಕಾಲುಭಾಗ ತನ್ನ ಗುಡ್ಡದ ಮೇಲೆ ಬಿದ್ದಿದ್ದರೆ!

ಆಗಲೇ ನೀಲಿ ಅಂಗಿಯವನೊಬ್ಬ ಕೆಸರಿನಲ್ಲಿ ಉದ್ದಕ್ಕೂ ಜಾರಿ ಗೆರೆಯಾಚೆ ಚೆಂಡು ಊರಿದ. ಸ್ಕಾಟ್ಲೆಂಡಿನ ಹತ್ತೊಂಬತ್ತು ಅಂಕವೂ ಅವನೊಬ್ಬನದೇ. ಇಂಗ್ಲೆಂಡಿಗೆ ಹದಿಮೂರು. ಪಂದ್ಯ ಮುಗಿದ ಸೀಟಿ ಕೇಳಿಸಿತು.

ಬಸವರಾಜಪ್ಪನವರು ಎದ್ದು ನಿಂತರು. ಮತ್ತೆ ಕೂತರು. ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ಭಟ್ಟರು ಗೂಡಿನಿಂದ ವಾಲ್ವಿನ ಕೀ ತಂದು ಎರಡೂ ಕೈಯಿಂದ ಮುದುಕರ ಮುಂದೆ ಹಿಡಿದರು. ಹಿಡಿದು, ಪ್ರೇಮಕುಮಾರಿಯ ಕಡೆ ನೋಡಿದರು. ನೋಡಿ, ಕಾದರು.

ಮಾತು ಅವಳ ನಾಲಗೆಯ ತುದಿಯಲ್ಲಿತ್ತು. ಕೇಳಲಿಲ್ಲ. ಈಗ ಬೇಡ, ಮಾವನ ಸಂತೋಷಕ್ಕೆ ಕಲ್ಲು ಹಾಕಿದ ಹಾಗಾಗುತ್ತದೆ, ನಾಳೆ ಕೇಳಿದರಾಯಿತು ಎಂದುಕೊಂಡಳು. ಮರುದಿನ ಬೆಳಿಗ್ಗೆ ವಾಲ್ವ್ ತಿರುಗಿಸಿದಳು. ನೀರು ಗುಡ್ಡ ಹತ್ತಿ ಸ್ಪ್ರಿಂಕ್ಲರ್ ಜೆಟ್ಟುಗಳು ಚಟಚಟ ತಿರುಗಿದಾಗ ಸಿದ್ದಮ್ಮ ಸೀರೆ ನೆನೆಸಿಕೊಂಡು ಕೇಕೆ ಹಾಕಿದಳು. ಪ್ರೇಮಕುಮಾರಿಗೂ ಖುಷಿಯಾಯಿತು, ಒಡಲು ತುಂಬಿ ಬರುವಷ್ಟು. ಖುಷಿ ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೆರೆಯಾಚೆ ಹೊಸಳ್ಳಿಯ ಗಿಡಗಳು ಕಂದುತ್ತಿರುವುದು ಕಂಡಿತು. ಅದನ್ನು ಕಂಡೂ ಖುಷಿಯಾಯಿತು. ಇನ್ನೇನು, ಕಾಲ ತಿರುಗಿತು, ಇನ್ನು ಗೆಲ್ಲುವ ಸರದಿ ನಮ್ಮದೇ ಎಂದು ಅವಳ ಮನಸ್ಸೇ ಹೇಳಿತು. ನಾಡಿದ್ದು ಕೇಳೋಣ ಎಂದಳು, ವಾರ ಬಿಟ್ಟು ಕೇಳೋಣ ಎಂದಳು. ಆ ಸಲ ಹೂಮಳೆ ಏಪ್ರಿಲ್ ಕೊನೆಗೆ ಬಂತು, ಭಟ್ಟರ ಫಸಲು ಕೈತಪ್ಪಿದ ಮೇಲೆ. ಸರಸ್ವತಿಯವರು ಬೇಲಿಯ ಹತ್ತಿರ ನಿಂತು ಕಲ್ಲುಗುಡ್ಡೆಯ ಬಿಳಿ ಹೂ ನೋಡುತ್ತಿದ್ದುದನ್ನು ಅವಳು ಒಂದು ದಿನ ಕಂಡಳು, ಮಾತಾಡಿಸದೆ ಒಳಗೆ ಬಂದಳು.

ಮರುವರ್ಷ ಇಂಗ್ಲೆಂಡ್ ನಲವತ್ತಮೂರು, ಸ್ಕಾಟ್ಲೆಂಡ್ ಮೂರು.

ಭಟ್ಟರು ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದರೆ ಅವಳು ಜಗಳವಾಡಿ ಹಗುರಾಗುತ್ತಿದ್ದಳು. ಅವರು ಕಾಫಿ ಲೋಟ ಮುಂದೆ ಸರಿಸಿ, "ಕುಡೀರಿ, ಆರ್ತದೆ," ಎಂದರು. ನ್ಯಾಯ ನ್ಯಾಯ ಎಂದು ತಿರುಗಿದವಳು, ನ್ಯಾಯ ಕೈಗೆ ಬಂದ ದಿನ ಸೆರಗಿನಲ್ಲಿ ಮುಚ್ಚಿಟ್ಟುಕೊಂಡೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮುಂದಿನ ವರ್ಷಗಳಲ್ಲೂ ಇಂಗ್ಲೆಂಡೇ. ಬಸವರಾಜಪ್ಪನವರು ಆ ಒಂದು ಗೆಲುವಿನ ಕಥೆಯನ್ನು ಬಂದವರಿಗೆಲ್ಲ ಹೇಳುತ್ತ, ಹೇಳುತ್ತಲೇ ಒಂದು ಮಳೆಗಾಲ ಲಿಂಗೈಕ್ಯರಾದರು. ಅವರು ಹೋದ ಮೇಲೆ ಪ್ರೇಮಕುಮಾರಿ ಭಟ್ಟರ ಮನೆಗೆ ಪಂದ್ಯ ನೋಡಲು ಹೋಗುವುದನ್ನು ಬಿಟ್ಟಳು. ಬಿಟ್ಟರೂ ಫೆಬ್ರವರಿ ಬಂತೆಂದರೆ ನಿದ್ದೆ ಕೆಡುವುದು ತಪ್ಪಲಿಲ್ಲ.

ಎರಡು ಸಾವಿರದ ಆರನೇ ಇಸವಿ, ಫೆಬ್ರವರಿ ಕೊನೆಯ ಭಾನುವಾರ. ಬೆಳಿಗ್ಗೆ ಫೋನು ಮಾಡಿದವರು ಸರಸ್ವತಿ. "ನಿಮ್ಮವ್ರು ಗೆದ್ರಂತೆ ಪ್ರೇಮಾ. ಹದಿನೆಂಟು–ಹನ್ನೆರಡು. ಇವ್ರು ಕೀ ತಗೊಂಡು ಹೊರಡ್ತಾ ಇದಾರೆ."

ಪ್ರೇಮಕುಮಾರಿ ಫೋನಿಟ್ಟು ಓಡಿದಳು. ನಡೆದರೆ ಮನಸ್ಸು ಬದಲಾದೀತು ಎಂದು ಅವಳಿಗೆ ಗೊತ್ತಿತ್ತು. ಗುಡ್ಡದ ಮೊಗ್ಗು ತುಂಬಿ ನಿಂತಿತ್ತು, ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಏರಿಯ ಮೇಲೆ ಭಟ್ಟರು ಸಿಕ್ಕರು. ಅವರಿಗೂ ವಯಸ್ಸಾಗಿತ್ತು, ಏದುತ್ತಿದ್ದರು.

"ಕೀ ನಿಮ್ಮ ಹತ್ರಾನೇ ಇರ್ಲಿ ಭಟ್ರೇ," ಎಂದಳು. "ಈ ವರ್ಷ ನೀವು ಮೊದಲು. ಬರೋ ವರ್ಷ ನಾವು. ಅದರ ಮುಂದಿನ ವರ್ಷ ಮತ್ತೆ ನೀವು. ಗೆದ್ದ ವರ್ಷ ಕೇಳಿ ಅಂದಿದ್ರಿ. ಕೇಳ್ತಾ ಇದ್ದೀನಿ."

"ನಿಮ್ಮ ಹೂವು?"

"ಮಳೆ ಬಂದ್ರೆ ಬಂತು. ಇಲ್ಲಾಂದ್ರೆ ಇಲ್ಲ."

ಭಟ್ಟರು ಏರಿಯ ಕಲ್ಲಿನ ಮೇಲೆ ಕೂತರು.

"ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದರು. "ಆವತ್ತು ಕೀ ಕೊಡುವಾಗ ನೀವೆಲ್ಲಿ ಕೇಳಿಬಿಡ್ತೀರೋ ಅಂತ ನಂಗೆ ಎದೆ ಹೊಡ್ಕೊಳ್ತಾ ಇತ್ತು. ಕೇಳಿದ್ರೆ ನಾನು ಒಪ್ತಾ ಇರ್ಲಿಲ್ಲ. ನೀವು ಗೆಲ್ಲೋದೇ ಇಲ್ಲ ಅನ್ನೋ ಧೈರ್ಯದ ಮೇಲೆ ಆಡಿದ ಮಾತು ಅದು."

ಪ್ರೇಮಕುಮಾರಿ ನಿಂತೇ ಇದ್ದಳು. ಎಷ್ಟು ವರ್ಷ ತನ್ನನ್ನು ತಾನು ಬೈದುಕೊಂಡಿದ್ದಳು, ಎಷ್ಟು ಸಲ ಈ ಮನುಷ್ಯನ ಮುಂದೆ ತಲೆ ತಗ್ಗಿಸಿದ್ದಳು. ಸಿಟ್ಟು ನೆತ್ತಿಗೇರಿತು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ಮಾರಾಯ್ರೇ ನಿಮಗೆ?"

"ನೀವು ನಾಚ್ಕೊಳ್ತಾ ಇದ್ರಿ. ನಂಗೆ ಅದು ಅನುಕೂಲ ಆಗಿತ್ತು," ಎಂದರು ಭಟ್ಟರು ತಲೆಯೆತ್ತದೆ.

"ಈಗ ಒಪ್ತೀರೋ ಇಲ್ವೋ?"

"ನೀರು ಕೈಯಲ್ಲಿಟ್ಟು ಕೇಳ್ತಾ ಇದ್ದೀರಿ. ಹೇಗೆ ಇಲ್ಲ ಅನ್ಲಿ?"

ಅವಳು ತಿರುಗಿ ನಡೆದಳು. ಹೋಗಿಬರುತ್ತೇನೆ ಎಂದೂ ಹೇಳಲಿಲ್ಲ. ಗುಡ್ಡದ ಕಾಲುದಾರಿಯಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತ ಹತ್ತಿದಳು: ಭಟ್ಟರನ್ನು, ಎರಡು ದೊರೆಗಳನ್ನು, ತೀರಿಕೊಂಡ ಮಾವನನ್ನು ಕೂಡ. ಹಿಂದೆ ಹೊಸಳ್ಳಿಯ ಮೋಟರು ಶುರುವಾದದ್ದು ಕೇಳಿಸಿತು. ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಅಳು ಬಂತು, ಕೂತು ಅತ್ತಳು, ಆಮೇಲೆ ಎದ್ದು ಮನೆಗೆ ಹೋಗಿ ನಾಷ್ಟಾಕ್ಕೆ ಹಿಟ್ಟು ಕಲಸಿದಳು.