ಏನೂ ಬರೆಯದ ಹಣೆ

ಬೆಳಗ್ಗೆ ಹತ್ತು ಇಪ್ಪತ್ತು. ಮಾಜಿ ಸೈನಿಕರ ಆಸ್ಪತ್ರೆಯ ಸುಧಾರಣಾ ಸಮಿತಿಯ ಮೇಜಿನ ಮೇಲೆ ಪೆನ್ನುಗಳ ಡಬ್ಬಿ, ಬೆವರಿಗೂ ಅಳಿಸದ ಪೆನ್ನುಗಳು, ರಕ್ತ ನಿಲ್ಲಿಸುವ ಪಟ್ಟಿ ಬಿಗಿದ ಸಮಯವನ್ನು ಗಾಯಾಳುವಿನ ಹಣೆಯ ಮೇಲೆ ಬರೆಯಲು, ಪಕ್ಕದಲ್ಲೇ ಇನ್ನೊಂದು ಕಡತ, ಬಿಗಿದ ಕ್ಷಣದಿಂದ ತಾನೇ ಓಡುವ ಗಡಿಯಾರವಿರುವ ಪಟ್ಟಿಯದ್ದು, ಅದು ಬೇಡ, ಪೆನ್ನೇ ಸಾಕು ಅನ್ನುತ್ತಿದ್ದಾರೆ ಸಮಿತಿಯವರು, ಯಾಕೆಂದರೆ ಆರು ವರ್ಷದ ಹಿಂದಿನ ಶೆಲ್ ದಾಳಿಯ ವರದಿಯಲ್ಲಿ, ಈಗ ಅವರೆದುರು ಕೂತಿರುವ ನರ್ಸೇ ಬರೆದಿದ್ದ, ಸಮಯ ಬರೆದಿದ್ದೆ, ಬೆವರಿಗೆ ಅಳಿಸಿಹೋಯಿತು. ಆಗ ಅವನು ಗಡಿಯಲ್ಲಿ ಪಡೆಯ ಜೊತೆಗಿದ್ದ ನರ್ಸ್, ಈಗ ಇಲ್ಲಿಯ ವಾರ್ಡಿನ ನರ್ಸ್, ಪಕ್ಕದ ಕುರ್ಚಿಯಲ್ಲಿ ಆ ದಿನದ ಲಾರಿ ಡ್ರೈವರ್, ಬಲಗಾಲಿನ ಪ್ಯಾಂಟು ಮಡಚಿ ಪಿನ್ನು ಚುಚ್ಚಿ, ಕೃತಕ ಕಾಲನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ನೋಡಿ ಮೇಡಂ, ಇವನು ನನ್ನ ತಮ್ಮ ಇದ್ದಂಗೆ, ಇವನಿಲ್ಲದಿದ್ರೆ ಅಲ್ಲೇ ಮಣ್ಣಾಗಿರ್ತಿದ್ದೆ, ಈ ಕಾಲು ಮಾತ್ರ ಸರ್ಕಾರದ್ದು, ಸಾಕಿದ್ರೂ ಕಚ್ಚುತ್ತೆ — ಎಲ್ಲರೂ ನಕ್ಕರು, ನರ್ಸೂ ನಕ್ಕ, ನಗುವ ಹಲ್ಲುಗಳ ನಡುವೆ ಪೆನ್ನಿನ ಮುಚ್ಚಳದ ರುಚಿ. ಅಂದು ಗಡಿಯಲ್ಲಿ ಮೊದಲ ಶೆಲ್ಲಿಗೆ ಲಾರಿ ಸೀಳಿತ್ತು, ಡ್ರೈವರನ ತೊಡೆಯಲ್ಲಿ ತಗಡಿನ ಚೂರು, ರಕ್ತ ಕಾರಂಜಿಯಂತೆ ಹಾರಿ ನರ್ಸಿನ ಬಾಯಿಗೇ ಬೀಳುತ್ತಿದೆ, ಬಿಗಿ, ಇನ್ನೂ ಬಿಗಿ, ಅಯ್ಯೋ ಬಿಡೋ ಪಾಪಿ ಸಾಯ್ತೀನಿ ಕಣೋ, ಬಿಗಿದ, ರಕ್ತ ನಿಂತಿತು, ಪೆನ್ನು ತೆಗೆದು ಮುಚ್ಚಳ ಕಚ್ಚಿ ಎಳೆದು ಹಣೆಯತ್ತ ಬಾಗಿದ, ಬೆವರು ಒರೆಸಿದ ಬೋಳು ಹಣೆ — ಅಷ್ಟರಲ್ಲಿ ಎರಡನೇ ಶೆಲ್ಲು, ಡ್ರೈವರನ ಎದೆಯ ಮೇಲೆ ಲಾರಿಯ ಕ್ಲೀನರನ ಕೈ ಬಂದು ಬಿತ್ತು, ಉಂಗುರ ಸಮೇತ, ಕೈ ಮಾತ್ರ. ಅವನು ಕ್ಲೀನರನ ಉಳಿದ ಭಾಗ ಹುಡುಕಲು ಓಡಿದ, ಹುಡುಕುತ್ತಲೇ ಇದ್ದ, ಡ್ರೈವರನನ್ನು ಯಾರೋ ಒಯ್ದರು. ಪಟ್ಟಿ ಬಿಗಿದು ಎರಡು ಗಂಟೆಯಾಗುವುದರೊಳಗೆ ಸರ್ಜನ್ ಕೇಳಿದರಂತೆ, ಪಟ್ಟಿ ಯಾವಾಗ ಕಟ್ಟಿದ್ದು, ಹಣೆ ಮೇಲೆ ಏನೂ ಇಲ್ವಲ್ಲ, ಗೊತ್ತಿಲ್ಲದಿದ್ರೆ ಆರು ಗಂಟೆ ದಾಟಿದ ಲೆಕ್ಕ, ಅಷ್ಟು ಹೊತ್ತು ರಕ್ತ ಹರೀದಿದ್ರೆ ಕಾಲು ಸತ್ತಂತೆ, ಕತ್ತರಿಸಿ. ಅವನು ತಲುಪಿದಾಗ ಕಾಲು ಬಕೆಟ್ಟಿನಲ್ಲಿತ್ತು, ಬೆರಳುಗಳು ಇನ್ನೂ ಜೀವ ಇದ್ದಂತೆ ಕಾಣುತ್ತಿದ್ದವು, ಮುಚ್ಚಳ ಇನ್ನೂ ಅವನ ಹಲ್ಲಿನಲ್ಲೇ ಇತ್ತು. ಪೆನ್ನೇ ಸಾಕು ಅಂತ ಇಲ್ಲಿ ಸಹಿ ಹಾಕಿಬಿಡಿ, ಅನ್ನುತ್ತಾರೆ ಅಧ್ಯಕ್ಷೆ, ಹೊಸ ಪೆನ್ನು ಕೈಗೆ ಬರುತ್ತದೆ, ಮುಚ್ಚಳ ತಂತಾನೇ ಹಲ್ಲಿಗೆ ಹೋಗುತ್ತದೆ, ಮತ್ತೆ ಯಾವನೋ ಶೆಲ್ಲಿನ ಕೆಳಗೆ ಹೀಗೇ ಮುಚ್ಚಳ ಕಚ್ಚಿಕೊಂಡು — ಉಗುಳಿದ. ಅಳಿಸಿರಲಿಲ್ಲ ಮೇಡಂ, ನಾನು ಬರೆದೇ ಇರಲಿಲ್ಲ. ಎರಡೇ ಗಂಟೆ ಆಗಿತ್ತು ಅಣ್ಣ, ನಿನ್ನ ಕಾಲು ಉಳೀತಿತ್ತೇನೋ. ಏನಂದೆ? ಮಡಿಲಲ್ಲಿದ್ದ ಕಾಲು ಗಾಳಿಯಲ್ಲಿ ಬೀಸಿ ಬಂತು, ಅದರ ಉಕ್ಕಿನ ಕೀಲು ಹುಬ್ಬಿನ ಮೇಲೆ ಕೂತಿತು, ನೆಲ, ಕಣ್ಣಿಗಿಳಿಯುವ ರಕ್ತ, ಬೋಳಿಮಗನೇ, ಆರು ವರ್ಷ ತಮ್ಮಾ ತಮ್ಮಾ ಅಂತ ಕರೆಸ್ಕೊಂಡ್ಯಲ್ಲೋ, ಮತ್ತೊಂದು ಏಟು, ಯಾರೋ ಹಿಡಿಯುತ್ತಿದ್ದಾರೆ, ಕೆಂಪಿನಾಚೆ ಡ್ರೈವರನ ಮುಖ ಬಾಗಿದೆ, ಬೆವರಿದ ಹಣೆ, ಬೋಳು ಹಣೆ, ಏನೂ ಬರೆಯದ ಹಣೆ.

ಹುಬ್ಬಿಗೆ ಐದು ಹೊಲಿಗೆ ಬಿದ್ದವು. ಸಮಿತಿ ಅಂದು ಪೆನ್ನುಗಳನ್ನು ವಾಪಸ್ ಕಳಿಸಿತು; ಗಡಿಯಾರವಿರುವ ಪಟ್ಟಿಯ ಕಡತ ಮೇಜಿನ ಮೇಲೆ ಉಳಿಯಿತು.